ಮಷಿನ್ನಿಗೆ ಹಚ್ಚಿದ ಭಂಡಾರ

ಸ್ವಿಚ್ಚು ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಹಾಕಿದವನು ನಾನೇ. ಆರಿಸುವುದಕ್ಕೆ ಮಾತ್ರ ಕೈ ಏಳಲಿಲ್ಲ. ಅದಾಗಿ ಎರಡು ತಿಂಗಳಾಯಿತು. ಮನೆಯಲ್ಲಿ ಫ್ಯಾನು ಹಾಕಲು ಹೋದಾಗಲೂ ಬೆರಳು ಬೋರ್ಡಿನ ಮೇಲೆ ಹಾಗೇ ನಿಂತುಬಿಡುತ್ತದೆ. ಇದನ್ನು ಬರೆದುಹಾಕೋಣ ಎಂದು ಕೂತರೆ ಮೊದಲು ನೆನಪಾಗುವುದು ಕರೆಂಟಲ್ಲ, ಹೊಟ್ಟೆಕಿಚ್ಚು. ಬಂದದ್ದೂ ಅದೇ ಮೊದಲು.

ನನ್ನ ಸೋದರಮಾವನ ಮಗ ನನಗಿಂತ ಎರಡು ವರ್ಷ ಚಿಕ್ಕವನು. ಅವನ ಊರು ಪೆದ್ದಕಡುಬೂರಿನ ಕಡೆ, ನಮ್ಮದು ಕೌತಾಳಂ ಕಡೆ. ಎರಡೂ ಆಂಧ್ರಕ್ಕೆ ಸೇರಿದ ಊರುಗಳು, ಎರಡೂ ಕುರಿ ಸಾಕುವ ಮನೆಗಳೇ. ಅವನು ಏಳನೇ ತರಗತಿಗೆ ಶಾಲೆ ಬಿಟ್ಟು ಕುರಿಯ ಹಿಂದೆ ಹೋದ. ನಾನು ದಿನಾ ಬಸ್ಸಿನಲ್ಲಿ ಆದೋನಿಗೆ ಓಡಾಡಿ ಬಿ.ಎಸ್ಸಿ. ಮುಗಿಸಿ, ಈಗ ಒಂದು ಖಾಸಗಿ ಶಾಲೆಯಲ್ಲಿ ತೆಲುಗು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಓದಿದವನು ನಾನು. ಆದರೆ ನಮ್ಮ ಅಪ್ಪನ ಮುಖ ಅರಳುತ್ತಿದ್ದುದು ಅವನು ಬಾಗಿಲಿಗೆ ಬಂದಾಗ.

ಕಾರಣ ಅವನ ಕೈ. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತೇವೆ. ಅದಕ್ಕೆ ಕೂಲಿಯವರನ್ನು ಕರೆಯುವುದಿಲ್ಲ. ನೆಂಟರು ಮುಯ್ಯಿಗೆ ಬರುತ್ತಾರೆ. ಈ ವಾರ ಅವರು ನಮ್ಮ ದೊಡ್ಡಿಯಲ್ಲಿ ಕತ್ತರಿ ಹಿಡಿದರೆ ಮುಂದಿನ ವಾರ ನಾವು ಅವರ ದೊಡ್ಡಿಯಲ್ಲಿ. ಅಪ್ಪನ ಕಾಲದಲ್ಲಿ ಅಪ್ಪನಷ್ಟು ನುಣ್ಣಗೆ ಕತ್ತರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಆ ಕೈ ನನಗೆ ಬರಲಿಲ್ಲ, ಮಾವನ ಮಗನಿಗೆ ಬಂತು. ಅವನು ಕೂತಾಗ ಅಪ್ಪ ತನ್ನ ಕೆಲಸ ಬಿಟ್ಟು ನೋಡುತ್ತಿದ್ದ.

"ಕೈ ಅಂದ್ರ ಇದು ನೋಡು. ಕುರಿಗೆ ನಿದ್ದಿ ಬರಂಗ ಕತ್ತರಸ್ತಾನ."

ಆಮೇಲೆ ನನ್ನ ಕಡೆ ತಿರುಗಿ, "ನೀ ಎದ್ದು ಮಜ್ಜಿಗಿ ತಗೊಂಬಾ ಹೋಗಪ. ಆ ಕುರಿ ಏನ್ ತಪ್ಪು ಮಾಡೈತಿ, ಅದಕ್ಕ ಚುಚ್ಚಬ್ಯಾಡ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮಜ್ಜಿಗೆ ತರುತ್ತಿದ್ದೆ.

ಮೂರು ವರ್ಷದಿಂದ ಅಪ್ಪನ ಬೆರಳು ಬಾಗುತ್ತಾ ಬಂದವು. ಕತ್ತರಿಯ ಕಣ್ಣಿನಲ್ಲಿ ಹೆಬ್ಬೆರಳು ಹೋದರೆ ಹೊರಗೆ ಬರುವುದು ಕಷ್ಟವಾಯಿತು. ಆಗ ಫೋನಿನಲ್ಲಿ ಕುರಿ ಉಣ್ಣೆ ಕತ್ತರಿಸುವ ಕರೆಂಟಿನ ಮಷಿನ್ ನೋಡಿದೆ. ಅಪ್ಪನ ಬೆರಳಿಗೆ ಆರಾಮಾಗುತ್ತದೆ ಎಂದು ಮನೆಯಲ್ಲಿ ಹೇಳಿದೆ. ಅದು ಸುಳ್ಳಲ್ಲ. ಆದರೆ ಒಳಗೆ ಇನ್ನೊಂದು ಆಸೆಯೂ ಇತ್ತು. ಮಷಿನ್ ಬಂದಮೇಲೆ ಯಾರ ಕೈಯಾದರೇನು, ಎಲ್ಲ ಒಂದೇ. ಆಗ ಅವನ ಕೈಯನ್ನು ಯಾರು ನೋಡುತ್ತಾರೆ?

ನಾನು ಆರ್ಡರ್ ಹಾಕುವ ಹೊತ್ತಿಗೇ ಅವನು ಬರಬೇಕೆ? ಹೆಗಲ ಮೇಲಿಂದ ಬಗ್ಗಿ ಫೋನು ನೋಡಿದ.

"ಭಾವಾ, ಇದೇನು, ಕುರಿಗೆ ಕಟಿಂಗ್ ಶಾಪ್ ಇಡ್ತೀಯೇನು?"

"ಅಪ್ಪಗ ತರಸಾಕತ್ತೀನಿ."

"ನನಗೂ ಒಂದು ಹಾಕು. ನೀ ಒಬ್ಬನ ಶಾಣ್ಯಾ ಆಗಬ್ಯಾಡ."

ಅವ್ವ ಎದುರಿಗೇ ಕೂತಿದ್ದಳು. ಅವಳ ತವರಿನ ಹುಡುಗ ಅವನು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ನನ್ನ ಹೆಸರಿನಲ್ಲೇ, ನಮ್ಮ ಮನೆಯ ವಿಳಾಸಕ್ಕೇ ಎರಡು ಮಷಿನ್ ಹಾಕಿದೆ. ಅವನ ಊರಿಗೆ ಪಾರ್ಸೆಲ್ಲಿನವರು ಹೋಗುವುದಿಲ್ಲ.

ಒಂದು ವಾರಕ್ಕೆ ಎರಡು ಡಬ್ಬಿ ಒಟ್ಟಿಗೇ ಬಂದವು. ಒಂದರ ಮೂಲೆ ನೆಗ್ಗಿತ್ತು. ಅದನ್ನು ಅವನಿಗೆಂದು ಪಕ್ಕಕ್ಕಿಟ್ಟೆ. ಚೆನ್ನಾಗಿದ್ದದ್ದು ನನಗೆ. ಇದನ್ನು ಯಾರೂ ನೋಡಲಿಲ್ಲ.

ನಮ್ಮಲ್ಲಿ ಮನೆಗೆ ಹೊಸ ಆಯುಧ ಬಂದರೆ ಕುಡಗೋಲಾಗಲಿ, ಕತ್ತರಿಯಾಗಲಿ, ದೇವರ ಮುಂದಿಟ್ಟು ಭಂಡಾರ ಹಚ್ಚದೆ ಮುಟ್ಟುವುದಿಲ್ಲ. ಭಂಡಾರವೆಂದರೆ ದೇವರ ಅರಿಶಿನಪುಡಿ. ಅವ್ವ ಎರಡೂ ಮಷಿನ್ನುಗಳನ್ನು ಮಣೆಯ ಮೇಲೆ ಮಲಗಿಸಿ ಮುಷ್ಟಿಗಟ್ಟಲೆ ಹಚ್ಚಿದಳು. ಮೋಟರಿನ ಗಾಳಿಕಿಂಡಿಯೊಳಗೂ ಹಳದಿ ಹೋಯಿತು. "ಅವ್ವಾ, ಸಾಕು" ಎಂದೆ. "ದೇವರಿಗೆ ಸಾಕು ಅಂತಾರೇನು?" ಎಂದಳು.

ಸಂಜೆ ನನ್ನ ಮಷಿನ್ನಿಗೆ ಪ್ಲಗ್ ಚುಚ್ಚಿ ನೋಡಿದೆ. ಮುಂದಿನ ಕಬ್ಬಿಣದ ಬಾಯಿ ಮುಟ್ಟಿದಾಗ ಕೆಂಜಿರುವೆ ಕಚ್ಚಿದಂತೆ ಬೆರಳು ಜುಮ್ಮೆಂದಿತು. ಕೈ ಒರೆಸಿಕೊಂಡು ಮತ್ತೆ ಮುಟ್ಟಿದೆ, ಮತ್ತೆ ಜುಮ್ಮೆಂದಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ನಿಂತು ಮೂರನೇ ಸಲ ಮುಟ್ಟಿದೆ. ಈ ಸಲ ಮೊಣಕೈವರೆಗೂ ಬಡಿಯಿತು. ಇದರ ಅರ್ಥವೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಪ್ರತಿ ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳುವ ಪಾಠ ಅದು.

ಅವನ ಮಷಿನ್ನಿನಲ್ಲೂ ಒಂದು ದೋಷವಿತ್ತು. ಬ್ಲೇಡು ಸಡಿಲ, ಬಿಗಿ ಮಾಡುವ ಸ್ಕ್ರೂ ಇರಲಿಲ್ಲ. ಅದು ತಿಳಿದಾಗ ನನಗೆ ಸಮಾಧಾನವಾಯಿತು. ಇಬ್ಬರದೂ ಕೆಟ್ಟಿದೆ, ಸರಿ.

ಅವನು ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಫೋನಿನಿಂದಲೇ ಕಂಪನಿಗೆ ಹಚ್ಚಿಸಿದ. ಒಬ್ಬ ಹುಡುಗಿ ತೆಲುಗಿನಲ್ಲಿ ಮಾತಾಡಿದಳು. ಅವನು ಅರ್ಧ ತೆಲುಗು ಅರ್ಧ ಕನ್ನಡ ಬೆರೆಸಿ ಶುರುಮಾಡಿದ. "ಅಮ್ಮಾ ತಲ್ಲಿ, ಒಂದು ಕುರಿ ಅರ್ಧ ಕತ್ತರಿಸೀನಿ, ಒಂದು ಕಡಿ ಬೋಳು, ಒಂದು ಕಡಿ ಕಂಬಳಿ. ಬ್ಯಾರೆ ಕುರಿಗಳೆಲ್ಲ ನಗಾಕತ್ಯಾವ. ಅದು ಮೇಯಾಕ ಬರಾಕ ಒಲ್ಲೆ ಅಂತೈತಿ. ನೀನ ಅದರ ಮಾನ ಉಳಸಬೇಕು."

ಅವನು ಒಂದು ಕುರಿಯನ್ನೂ ಕತ್ತರಿಸಿರಲಿಲ್ಲ. ಹುಡುಗಿ ನಕ್ಕಳು. ನಗು ಫೋನಿನ ಹೊರಗೂ ಕೇಳಿಸಿತು. ನಾಲ್ಕೇ ದಿನಕ್ಕೆ ಹೊಸ ಬ್ಲೇಡು, ಸ್ಕ್ರೂ, ಜೊತೆಗೆ ಎಣ್ಣೆಯ ಒಂದು ಸಣ್ಣ ಸೀಸೆ ಬಂತು. ನನ್ನ ಡಬ್ಬಿಯಲ್ಲಿ ಆ ಸೀಸೆ ಇರಲಿಲ್ಲ.

ನಾನು ಇಂಗ್ಲಿಷಿನಲ್ಲಿ ಬರೆದೆ. ಪದವೀಧರ ಬರೆಯುವ ಹಾಗೆ, ಒಂದು ತಪ್ಪಿಲ್ಲದೆ. ಮಷಿನ್ನಿನ ಲೋಹದ ಭಾಗಕ್ಕೆ ಕರೆಂಟು ಸೋರುತ್ತಿದೆ, ಮೂರು ಸಲ ನನಗೆ ತಗುಲಿದೆ, ಇದು ಪ್ರಾಣಾಪಾಯದ ವಿಷಯ ಎಂದು. ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಉತ್ತರ ಬಂತು. ಮರುದಿನ ಇನ್ನೊಬ್ಬರು ಬರೆದು, ತೊಂದರೆ ಏನೆಂದು ದಯವಿಟ್ಟು ತಿಳಿಸಿ ಎಂದರು. ಮತ್ತೆ ಬರೆದೆ. ಕೈ ಒಣಗಿಸಿಕೊಂಡು ಮುಟ್ಟಿ ನೋಡಿ ಎಂದರು. ಆಮೇಲೆ, ಶಾಕ್ ಹೊಡೆಯುವುದು ಸ್ಪಷ್ಟವಾಗಿ ಕಾಣುವಂತೆ ವಿಡಿಯೋ ಕಳಿಸಿ ಎಂದರು.

ಶಾಕನ್ನು ವಿಡಿಯೋದಲ್ಲಿ ಹೇಗೆ ತೋರಿಸುವುದು? ಟೆಸ್ಟರ್ ತಂದು ಮಷಿನ್ನಿನ ಬಾಯಿಗೆ ಇಟ್ಟೆ. ಅದರ ಸಣ್ಣ ದೀಪ ಹತ್ತಿತು. ಅಂಗಳದ ಬಿಸಿಲಿನಲ್ಲಿ ಆ ಬೆಳಕು ಫೋನಿಗೆ ಕಾಣಲಿಲ್ಲ. ಒಳಗೆ ಹೋಗಿ ತೆಗೆದರೆ ಮಷಿನ್ ಕಾಣಲಿಲ್ಲ. ವಿಡಿಯೋ ಸ್ಪಷ್ಟವಾಗಿಲ್ಲ ಎಂದು ಬರೆದರು. ಆ ಹುಡುಗಿ ಸಿಗುತ್ತಾಳೇನೋ ಎಂದು ನಾನೂ ಫೋನು ಮಾಡಿದೆ. ಹತ್ತು ಸಲ ಮಾಡಿದರೂ ಹತ್ತು ಬೇರೆ ದನಿ. ನಾನು ಹೇಳಿದ್ದಕ್ಕೆ ಯಾರೂ ನಗಲಿಲ್ಲ.

ಕೊನೆಗೆ ವಾಪಸ್ ಒಯ್ಯಲು ಒಬ್ಬನನ್ನು ಕಳಿಸಿದರು. ಆದೋನಿಯಿಂದ ಬೈಕಿನಲ್ಲಿ ಬಂದ. ಡಬ್ಬಿ ತೆಗೆದವನೇ ನನ್ನ ಮುಖ ನೋಡಿದ.

"ಇದೇನು ಸಾರ್, ಅರಿಶಿಣ?"

"ದೇವರದು."

ಅವನು ತನ್ನ ಫೋನಿನಲ್ಲಿದ್ದ ಹೊಸ ಮಷಿನ್ನಿನ ಚಿತ್ರವನ್ನು ಇದರ ಪಕ್ಕ ಹಿಡಿದ. "ಚಿತ್ರದಾಗ ಕೆಂಪು ಐತಿ, ನಿಮ್ಮದು ಹಳದಿ ಐತಿ. ನಾನೇನ್ ಮಾಡ್ಲಿ ಸಾರ್? ಬಳಸಿದ್ದು, ಹೊಲಸಾಗೇತಿ ಅಂತ ಒತ್ತಬೇಕು, ಇಲ್ಲಂದ್ರ ಮುಂದಕ್ಕ ಹೋಗಲ್ಲ."

ಹೊಲಸು ಎಂಬ ಮಾತು ಅವ್ವನ ಕಿವಿಗೆ ಬಿತ್ತು. ಹೊರಗೆ ಬಂದಳು. "ಯಾವನಲೇ ಅವನು, ಭಂಡಾರಕ್ಕ ಹೊಲಸು ಅನ್ನಾವ? ಭಂಡಾರ ಹಚ್ಚಿದ್ದನ್ನ ಯಾರಾರ ಹೊಳ್ಳಿ ಕೊಡ್ತಾರೇನು? ತಾಳಿ ಕಟ್ಟಿದ ಮ್ಯಾಲ ಹೆಣ್ಣನ್ನ ಹೊಳ್ಳಿ ಕಳಸಿದಂಗ!"

ಅವನು ಗಲ್ಲ ಗಲ್ಲ ಬಡಿದುಕೊಂಡು, ಡಬ್ಬಿಗೆ ಕೈಮುಗಿದು, ಬೈಕು ಹತ್ತಿ ಹೋದ. ಡಬ್ಬಿ ಉಳಿಯಿತು.

ಅವ್ವ ಹೊಲಕ್ಕೆ ಹೋದಾಗ ನಾನು ಒದ್ದೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತು ಮಷಿನ್ನಿನ ಮೈಯೆಲ್ಲ ತಿಕ್ಕಿದೆ. ಕಿಂಡಿಯೊಳಗಿನ ಹಳದಿ ಹೋಗಲಿಲ್ಲ. ನೀರು ಮಾತ್ರ ಒಳಗೆ ಹೋಯಿತು. ಅದು ಇನ್ನಷ್ಟು ಕೆಟ್ಟದ್ದು ಅದರಿಂದಲೇ ಇರಬಹುದು. ಫೋಟೋ ತೆಗೆದು ಕಳಿಸಿದರೆ, ಹಿಂದಿರುಗಿಸುವ ಅವಧಿ ಮುಗಿದಿದೆ, ನಮ್ಮಲ್ಲಿ ಖರೀದಿಸಿದ್ದಕ್ಕೆ ಧನ್ಯವಾದ ಎಂದು ಬಂತು.

ಅಂದೇ ಮಾವನ ಮಗ ಫೋನು ಮಾಡಿದ.

"ಭಾವಾ, ನಂದು ಕುರಿ ಮ್ಯಾಲ ನುಣ್ಣಗ ಜಾರಿ ಹೊಂಟೈತಿ. ನಿಂದು ಹೆಂಗೈತಿ?"

ಕೆಟ್ಟಿದೆ ಎಂದು ಹೇಳಲು ಅದಕ್ಕಿಂತ ಸುಲಭದ ಹೊತ್ತು ಇರಲಿಲ್ಲ. "ಬೆಣ್ಣಿ ಕೊಯ್ದಂಗ ಕೊಯ್ತೈತಿ" ಎಂದೆ. ಅಪ್ಪನಿಗೂ ಹಾಗೇ ಹೇಳಿದ್ದೆ. ವಾಪಸ್ ಯಾಕೆ ಎಂದ ಅವ್ವನಿಗೆ, ಬಣ್ಣ ಹಿಡಿಸಲಿಲ್ಲ ಎಂದಿದ್ದೆ. ಕತ್ತರಿಸುವ ದಿನವೇ ತೆಗೆಯೋಣ, ಅಲ್ಲಿಯವರೆಗೆ ಡಬ್ಬಿಯಲ್ಲಿರಲಿ ಎಂದು ಅಟ್ಟದ ಮೇಲೆ ಇಟ್ಟಿದ್ದೆ. ಆ ದಿನ ಬಂದಾಗ ಏನಾದರೂ ನೆಪ ಹೇಳಿದರಾಯಿತು ಎಂದುಕೊಂಡಿದ್ದೆ.

ಕತ್ತರಿಸುವ ದಿನ ಹತ್ತು ಗಂಟೆಯ ಬಿಸಿಲು. ಕುರಿಗಳನ್ನು ಹಿಂದಿನ ದಿನವೇ ಕಾಲುವೆಯಲ್ಲಿ ಮೈತೊಳೆದು ಒಣಗಿಸಬೇಕಿತ್ತು. ಕಾಲುವೆಗೆ ನೀರು ಬಂದದ್ದೇ ತಡವಾಗಿ, ಕೆಲವನ್ನು ಆ ಬೆಳಿಗ್ಗೆ ತೊಳೆದಿದ್ದೆವು. ದೊಡ್ಡಿಯ ನೆಲ ಅಲ್ಲಲ್ಲಿ ಒದ್ದೆ. ಮನೆಯಿಂದ ವೈರು ಎಳೆದು ಸ್ವಿಚ್ಚಿದ್ದ ಜಂಕ್ಷನ್ ಬಾಕ್ಸನ್ನು ಒಂದು ಗೂಟಕ್ಕೆ ಕಟ್ಟಿದ್ದೆ. ಮುಯ್ಯಿಗೆ ಬಂದ ಐದಾರು ನೆಂಟರು ಕತ್ತರಿ ಹಿಡಿದು ಕೂತಿದ್ದರು. ಎಲ್ಲರೂ ಬರಿಗಾಲು. ಉಣ್ಣೆ ಬೀಳುವ ಜಾಗದಲ್ಲಿ ನಾವು ಚಪ್ಪಲಿ ಮೆಟ್ಟುವುದಿಲ್ಲ, ಅದು ಲಕ್ಷ್ಮಿ.

ಮಾವನ ಮಗ ತನ್ನ ಮಷಿನ್ ತಂದಿದ್ದ. ಮೊದಲು ಅದನ್ನು ಅಪ್ಪನ ಕೈಗೆ ಕೊಟ್ಟ. ಬಾಗಿದ ಬೆರಳುಗಳ ಮೇಲೆ ತನ್ನ ಬೆರಳಿಟ್ಟು, ಹೇಗೆ ಹಿಡಿಯಬೇಕೆಂದು ತೋರಿಸಿದ. ಅಪ್ಪ ಒಂದು ಕುರಿ ಮುಗಿಸಿದ. ಮೂರು ವರ್ಷದ ಮೇಲೆ, ತಾನೇ ಒಂದು ಇಡೀ ಕುರಿ. ಬೆನ್ನಿನ ಮೇಲೆ ಅಂಗೈ ಆಡಿಸಿ ನೋಡಿ ಅವನ ಭುಜ ತಟ್ಟಿದ.

"ನೀ ತಂದ ಮಷಿನ್ ನನಗ ಕೈ ಕೊಟ್ಟಂಗಾತು ನೋಡಪ."

ನೀ ತಂದ ಮಷಿನ್. ಹುಡುಕಿದವನು ನಾನು, ಆರ್ಡರ್ ಹಾಕಿದವನು ನಾನು, ಅಪ್ಪನಿಗೆಂದು ತರಿಸಿದವನು ನಾನು.

"ಮಾವಾ, ಇದು ಇವತ್ತೆಲ್ಲ ನಿನಗ ಇರಲಿ" ಎಂದು ಅವನು ನನ್ನ ಕಡೆ ತಿರುಗಿದ. "ಭಾವಾ, ಮಾಸ್ತರ ಮಷಿನ್ ತಗೀ ಹೊರಗ. ಬೆಣ್ಣಿ ಕೊಯ್ತೈತಿ ಅಂತಿದ್ದಿ, ನೋಡೇಬಿಡೂನು. ಇಲ್ಲ ಬೆಣ್ಣಿ ಎಲ್ಲ ನೀನ ತಿಂದಿಯೇನು?"

ನೆಂಟರು ನಕ್ಕರು. ಅಪ್ಪನೂ ನಕ್ಕ. ನಾನು ಒಳಗೆ ಹೋಗಿ ಅಟ್ಟದಿಂದ ಡಬ್ಬಿ ಇಳಿಸಿದೆ.

ಇಲ್ಲಿಂದ ಮುಂದಿನದನ್ನು ನಾನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ಗೊತ್ತಿಲ್ಲ. ಅಟ್ಟದಿಂದ ದೊಡ್ಡಿಗೆ ಬರುವ ದಾರಿ ಉದ್ದವಿಲ್ಲ, ಆದರೂ ಹೇಳಲು ಸಾಕಿತ್ತು. ಮೂರು ಸಲ ನನಗೆ ತಗುಲಿದೆ, ನಾನು ಸತ್ತೆನೇ, ಅವನಿಗೂ ಸ್ವಲ್ಪ ಜುಮ್ಮೆನ್ನಲಿ, ಕೈ ಕೈ ಎನ್ನುತ್ತಾರಲ್ಲ, ಆ ಕೈ ಒಮ್ಮೆ ಎಲ್ಲರೆದುರು ಹೆದರಲಿ ಎಂದುಕೊಂಡೆ. ಹೌದು, ಹಾಗೆ ಅಂದುಕೊಂಡೆ. ಪ್ಲಗ್ ಚುಚ್ಚಿದೆ. ಅವನು ಒದ್ದೆ ಕುರಿಯೊಂದನ್ನು ಕೆಡವಿ ಕಾಲು ಕಟ್ಟಿ ಮೊಣಕಾಲಿನಿಂದ ಒತ್ತಿ ಹಿಡಿದಿದ್ದ. "ಹಾಕು" ಎಂದ. ಹಾಕಿದೆ.

ಮಷಿನ್ ಸದ್ದುಮಾಡಿತು. ಕುತ್ತಿಗೆಯಿಂದ ಒಂದೆರಡು ಗೇಣು ಸಲೀಸಾಗಿ ಹೋಯಿತು. ಆಮೇಲೆ ಅವನ ಎಡಗೈ ಕಬ್ಬಿಣದ ಬಾಯಿಗೆ ತಗುಲಿತು. ಅವನು ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು "ಹ್ಞಂ" ಎನ್ನುತ್ತಾ ಸೊಂಟ ಬಾಗಿಸಿ ಕುರಿಯ ಮೇಲೆ ಕವಿದುಬಿದ್ದ. ಕೈ ಬಿಡಲಿಲ್ಲ, ಬಿಡಲು ಬರುವುದಿಲ್ಲ. ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಕಣ್ಣು ನನ್ನ ಕಡೆ ಇತ್ತು. ನೆಂಟರಲ್ಲೊಬ್ಬ, ಅವನು ಆಟ ಕಟ್ಟುತ್ತಿದ್ದಾನೆ ಎಂದು ನಗುತ್ತಲೇ ಇದ್ದ. ನಾನು ಸ್ವಿಚ್ಚಿನ ಪಕ್ಕ ನಿಂತು ನೋಡಿದೆ.

ಅಪ್ಪ ಕುರಿ ಕಾಯುವ ಕೋಲು ಎತ್ತಿ ಅವನ ಮಣಿಕಟ್ಟಿಗೆ ಹೊಡೆದ. ಮಷಿನ್ ಕೈಯಿಂದ ಹಾರಿ ಉಣ್ಣೆಯ ಮೇಲೆ ಬಿದ್ದು ಕುಣಿಯತೊಡಗಿತು. ಎರಡನೇ ಪೆಟ್ಟು ಜಂಕ್ಷನ್ ಬಾಕ್ಸಿಗೆ. ಪ್ಲಗ್ಗು ಕಿತ್ತು ಬಂತು. ಕುರಿಯ ಕಾಲಿನ ಹಗ್ಗ ಬಿಚ್ಚಿತ್ತೋ ಏನೋ, ಅದು ಎದ್ದು ಕುತ್ತಿಗೆ ಬೋಳು ಮಾಡಿಕೊಂಡು ಓಡಿತು. ಅಪ್ಪ ನನ್ನನ್ನು ದಾಟಿಕೊಂಡು ಹೋಗಿ ಅವನ ಎದೆಯ ಮೇಲೆ ಕಿವಿ ಇಟ್ಟ.

"ಉಸರ ಐತಿ. ಆಟೋ ತರಸ್ರಿ!"

ಆದೋನಿಯ ದವಾಖಾನೆಯಲ್ಲಿ ಎರಡು ದಿನ ಇಟ್ಟುಕೊಂಡರು. ಅಂಗೈಯ ಮಾಂಸ ಸುಟ್ಟಿತ್ತು. ಅಪ್ಪನ ಪೆಟ್ಟಿಗೆ ಮಣಿಕಟ್ಟಿನ ಎಲುಬು ಬಿರುಕುಬಿಟ್ಟಿತ್ತು. ಎದೆಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದಾಗ ಅವ್ವ ನೆಲದ ಮೇಲೆ ಕೂತುಬಿಟ್ಟಳು. ಮಷಿನ್ ಮೋಸ ಮಾಡಿತು ಎಂದು ಎಲ್ಲರೂ ಅಂದರು. ನಾನೂ ಅಂದೆ. ಅಪ್ಪ ಮಾತ್ರ, "ನೀ ಸ್ವಿಚ್ ಹತ್ರಾನ ಇದ್ದೆಲ್ಲೋ" ಎಂದ. "ಗಾಬರಿ ಆತು" ಎಂದೆ. ಅವನು ತಲೆ ಆಡಿಸಿದ. ನಂಬಿದ.

ಎರಡು ವಾರದ ಮೇಲೆ ಮಾವನ ಮಗನನ್ನು ನೋಡಲು ಪೆದ್ದಕಡುಬೂರಿನ ಕಡೆ ಹೋದೆ. ಕೈ ಕೊರಳಿಗೆ ಕಟ್ಟಿಕೊಂಡು ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ.

"ಭಾವಾ, ಕಂಪನಿಯವರಿಗೆ ಹೇಳಬೇಕು. ಇಂಥವು ಇನ್ನೆಷ್ಟು ಮಂದಿ ಮನ್ಯಾಗ ಅದಾವೋ. ಹಚ್ಚು ಫೋನು, ನಾನ ಮಾತಾಡ್ತೀನಿ. ನಿನಗ ಇಂಗ್ಲಿಷು ಭಾಳ, ಅವರಿಗೆ ತಿಳಿಯಾಂಗಿಲ್ಲ."

ಬೇಡ ಎನ್ನಲು ಕಾರಣ ಸಿಗಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಕಲ್ಲಿನ ಮೇಲಿಟ್ಟೆ. ಈ ಸಲ ಒಬ್ಬ ಗಂಡಸು. ಮಾವನ ಮಗ ನಡೆದದ್ದನ್ನು ತೆಲುಗಿನಲ್ಲಿ ನಿಧಾನವಾಗಿ ಹೇಳಿದ, ಈ ಸಲ ಕುರಿಯ ಮಾನದ ಮಾತು ಆಡಲಿಲ್ಲ. ಆ ಕಡೆಯವನು ಗಂಭೀರವಾದ. ಸ್ವಲ್ಪ ಇರಿ, ಈ ಆರ್ಡರಿನ ಮೇಲಿನ ಹಳೆಯ ದೂರು ನೋಡುತ್ತೇನೆ ಎಂದ. ಆಮೇಲೆ ಓದತೊಡಗಿದ. ಮಷಿನ್ನಿನ ಲೋಹದ ಭಾಗಕ್ಕೆ ಕರೆಂಟು ಸೋರುತ್ತಿದೆ, ಗ್ರಾಹಕರಿಗೆ ಮೂರು ಸಲ ತಗುಲಿದೆ, ಪ್ರಾಣಾಪಾಯದ ವಿಷಯ. ನನ್ನದೇ ಮಾತುಗಳು. ವಾರಗಟ್ಟಲೆ ಒಬ್ಬರೂ ಓದಿರಲಿಲ್ಲ. ಇವನು ತಾರೀಖಿನ ಸಮೇತ, ತೆಲುಗಿಗೆ ತಿರುಗಿಸಿ, ಒಂದನ್ನೂ ಬಿಡದೆ ಓದಿದ.

ಮಾವನ ಮಗ ಫೋನಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದ.

"ನಿನಗ ಮೊದಲ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ಹಾಕು ಅಂದಾಗ ಹಾಕಿದಿ?"

"ಹಾಕಿದೆ."

"ಯಾಕ?"

ಸುಳ್ಳು ಹುಡುಕಿದೆ, ಒಂದೂ ಬರಲಿಲ್ಲ. "ನಿಂದು ಚಲೋ ಬಂದಿತ್ತಲ್ಲ" ಎಂದೆ.

ಫೋನಿನಲ್ಲಿ ಆ ಮನುಷ್ಯ, ಲೈನಿನಲ್ಲಿ ಇದ್ದೀರಾ ಸಾರ್, ಲೈನಿನಲ್ಲಿ ಇದ್ದೀರಾ ಎಂದು ಕೇಳುತ್ತಿದ್ದ. ಅವನು ಫೋನಿನ ಕಡೆ ಬಗ್ಗಿ, "ಉನ್ನಾಂ ಸಾರ್, ಚೆಪ್ಪಂಡಿ" ಎಂದ, ಇದ್ದೇವೆ, ಹೇಳಿ ಎಂದು. ಆಮೇಲೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟ. ಗಾಯ ಯಾವ ಕೈಗೆ, ಎಷ್ಟು ದಿನ ದವಾಖಾನೆ, ಆಗ ಜೊತೆಗೆ ಯಾರಿದ್ದರು. "ನಮ್ಮ ಭಾವ ಇದ್ದ" ಎಂದ. ಮಷಿನ್ನನ್ನು ಯಾರೂ ಮುಟ್ಟಬೇಡಿ, ನಾಳೆಯೇ ಬಂದು ಒಯ್ಯುತ್ತೇವೆ, ಭಂಡಾರ ಇದ್ದರೂ ಪರವಾಗಿಲ್ಲ ಎಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ನನ್ನಿಂದ ಒಂದು ತಿಂಗಳಾದರೂ ಆಗದ ಕೆಲಸ. ಆ ಹೊತ್ತಿನಲ್ಲೂ ನನಗೆ ಅದು ಚುಚ್ಚಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಫೋನು ಆರಿಸಿದ ಮೇಲೆ ಅವನು ಅದನ್ನು ನನ್ನ ಕಡೆ ಸರಿಸಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಮಾವಗ ಹೇಳಬ್ಯಾಡ" ಎಂದ. "ಮಗನ ಮ್ಯಾಲ ಜೀವ ಇಟಗೊಂಡಾನ. ನಿನ್ನ ಓದಿನ ಮಾತು ಬಂದ್ರ ಸಾಕು, ಕತ್ತರಿ ಕೆಳಗಿಟ್ಟು ಹೇಳ್ತಾನ. ನಾ ಸಿಕ್ಕಾಗೆಲ್ಲ ಅದ ಮಾತು. ನನಗ ಸಾಕಾಗಿ ಹೋಗಿತ್ತು. ಇರಲಿ. ಹೇಳಬ್ಯಾಡ."

ಅಪ್ಪ ನನ್ನ ಓದಿನ ಬಗ್ಗೆ ಯಾರ ಮುಂದೆ ಏನು ಹೇಳುತ್ತಾನೆಂದು ನಾನು ಕೇಳಿದ್ದು ಅದೇ ಮೊದಲು. ಅದೂ ಅವನ ಬಾಯಿಂದ.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ನಾನು ಉಳಿಯುತ್ತೇನೆ. ಆದರೆ ಉಳಿಸಿದವನು ಅವನಾಗುತ್ತಾನೆ. ಬದುಕಿರುವವರೆಗೂ, ಅಪ್ಪ ನನ್ನನ್ನು ಒಳ್ಳೆಯ ಕಣ್ಣಿನಿಂದ ನೋಡಿದಾಗಲೆಲ್ಲ ಅದು ಅವನು ಬಿಟ್ಟುಕೊಟ್ಟದ್ದಾಗಿರುತ್ತದೆ. ಅದು ನನ್ನಿಂದ ಆಗಲಿಲ್ಲ. ನಾನು ನಿಜ ಹೇಳಿದ್ದು ಒಳ್ಳೆಯತನದಿಂದ ಎಂದು ಯಾರೂ ತಿಳಿಯಬಾರದು.

ಅಪ್ಪ ಅಂಗಳದಲ್ಲಿ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ನಿಂತುಕೊಂಡೇ ಹೇಳಿದೆ. ಡಬ್ಬಿ ಆರಿಸಿಕೊಂಡದ್ದರಿಂದ ಹಿಡಿದು ಎಲ್ಲ. ಅವನು ಸೊಪ್ಪಿನ ಗಂಟು ಬಿಡಲಿಲ್ಲ, ಕಟ್ಟುತ್ತಲೇ ಇದ್ದ. ಬೆರಳು ಬಾಗಿದ್ದರಿಂದ ಗಂಟು ಎರಡು ಸಲ ಜಾರಿತು. ನಾನು ಕೈ ಹಾಕಲು ಹೋದೆ. ಬೇಡವೆಂದು ಮೊಣಕೈಯಿಂದ ಸರಿಸಿದ. ಕೊನೆಗೆ ಗಂಟು ಬಿಗಿಯಾಯಿತು.

"ನಿನಗ ಎಷ್ಟು ಸಲ ಹೊಡೀತು?" ಎಂದು ಕೇಳಿದ.

"ಮೂರು ಸಲ."

"ಮೂರು ಸಲ ಹೊಡದಾಗೂ ನನಗ ಹೇಳಲಿಲ್ಲ."

"ಇಲ್ಲ."

ಆ ಮಾತಿನಲ್ಲಿ ಸಿಟ್ಟು ಯಾರ ಪಾಲಿಗೆ, ಸಂಕಟ ಯಾರ ಪಾಲಿಗೆ ಎಂದು ನನಗೆ ತಿಳಿಯಲಿಲ್ಲ. ಅವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಪೆದ್ದಕಡುಬೂರಿನ ಕಡೆಗೆ ಕೊನೆಯ ಬಸ್ಸು ಹೋಯಿತೇನೆಂದು ಅವ್ವನನ್ನು ಕೇಳಿದ. ಇನ್ನೂ ಇಲ್ಲ ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾನೂ ಬರುತ್ತೇನೆ ಎಂದೆ.

"ನೀ ಕುರಿ ನೋಡಿಕೋ" ಎಂದ.